ಕರೆಂಟ್ ಹೋದ ಎರಡು ಗಂಟೆ ಬಳಿಕ ಸಾಯುವ ಸ್ಕ್ರಿಪ್ಟ್: ತಪ್ಪು ಕರ್ನಲ್‌ನದ್ದಾ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಆಫೀಸು ಮಂಗಳೂರಿನಲ್ಲಿ, ಮನೆ ಬ್ರಹ್ಮಾವರದಲ್ಲಿ. ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಹಳೆ ಡೇಟಾಬೇಸಿನ ಬಿಲ್ಲುಗಳನ್ನು ಹೊಸದಕ್ಕೆ ಸಾಗಿಸುವ ಒಂದು ಪೈಥಾನ್ ಸ್ಕ್ರಿಪ್ಟ್ ಉಂಟು. ಪ್ರತಿ ರಾತ್ರಿ ಮುಂಬೈಯ ಉಬುಂಟು ಲಿನಕ್ಸ್ ಸರ್ವರಿಗೆ ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರಿಗೆ ಇಲ್ಲಿಂದಲೇ ಕಮಾಂಡ್ ಕೊಡುವ ದಾರಿ) ಲಾಗಿನ್ ಆಗುತ್ತೇನೆ. ಔಟ್‌ಪುಟ್ ಎಲ್ಲ ಲಾಗ್ ಫೈಲಿಗೆ ಹೋಗುವ ಹಾಗೆ ಮಾಡಿ, ಕೊನೆಗೆ & ಹಾಕಿ ಓಡಿಸುತ್ತೇನೆ. ಮುಗಿಯಲು ಆರೇಳು ಗಂಟೆ ಬೇಕು. ಎಕ್ಸಿಟ್ ಕೊಟ್ಟು ಹೊರಬಂದ ದಿನ ಬೆಳಗ್ಗೆ ಕೆಲಸ ಮುಗಿದಿರುತ್ತದೆ. ಲಾಗಿನ್ ಹಾಗೇ ಬಿಟ್ಟು, ಮಳೆಗೆ ಕರೆಂಟ್ ಹೋದ ದಿನ ಸ್ಕ್ರಿಪ್ಟ್ ಅರ್ಧಕ್ಕೆ ಸಾಯುತ್ತದೆ. ಅದೂ ಕೂಡಲೇ ಅಲ್ಲ. ಕೆಲವು ಸಲ ಎರಡು ಗಂಟೆ ಕಳೆದು, ಕೆಲವು ಸಲ ಕಾಲು ಗಂಟೆಯಲ್ಲಿ. ಲಾಗಿನಲ್ಲಿ ಎರರ್ ಏನೂ ಇಲ್ಲ, ಸುಮ್ನೆ ನಿಂತುಹೋಗಿರುತ್ತದೆ. ಮತ್ತೆ ಲಾಗಿನ್ ಆದರೆ ಸರ್ವರಿನಲ್ಲಿ ನನ್ನ ಹೆಸರು ಎರಡು ಸಲ ಕಾಣುತ್ತದೆ. ಕೆಲವೊಮ್ಮೆ ಟರ್ಮಿನಲ್ಲೇ ಲಾಕ್ ಆಗಿ ಯಾವ ಕೀ ಒತ್ತಿದರೂ ಅಲುಗುವುದಿಲ್ಲ. ಆಫೀಸಿನಲ್ಲಿ ಒಬ್ಬರು "ಲಿನಕ್ಸ್ ಕರ್ನಲ್‌ನ ಟರ್ಮಿನಲ್ ಲಾಕಿಂಗ್‌ನಲ್ಲೇ ಬಗ್ ಉಂಟು, ಇದು ಅದೇ" ಎನ್ನುತ್ತಾರೆ. ಇನ್ನೊಬ್ಬರು "ನೋಹಪ್ ಕಮಾಂಡ್ ಹಾಕಿ, ಎಲ್ಲ ಸರಿಯಾಗುತ್ತದೆ" ಎನ್ನುತ್ತಾರೆ. ಯಾರನ್ನು ನಂಬುವುದು ಮಾರಾಯ್ರೆ?

ಉತ್ತರ: ನೀವು ಎಲ್ಲವನ್ನೂ ಗಮನಿಸಿ ಬರೆದಿದ್ದೀರಿ. ಎಕ್ಸಿಟ್ ಕೊಟ್ಟರೆ ಬದುಕುತ್ತದೆ, ಕರೆಂಟ್ ಹೋದರೆ ಸಾಯುತ್ತದೆ, ಸಾಯಲು ಎರಡು ಗಂಟೆ ಅಥವಾ ಕಾಲು ಗಂಟೆ, ಹೆಸರು ಎರಡು ಸಲ. ಈ ನಾಲ್ಕು ವಿಷಯ ಸಾಕು, ಸರ್ವರ್ ನೋಡದೆಯೂ ಕಾರಣ ಹೇಳಬಹುದು. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ಬಗ್ ಅಲ್ಲ. ನಿಮ್ಮ ಸ್ಕ್ರಿಪ್ಟನ್ನು ಕೊಲ್ಲುವುದು ಬ್ಯಾಶ್ ಶೆಲ್, ಅಂದರೆ ನೀವು ಟೈಪ್ ಮಾಡಿದ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಂ. ಕರ್ನಲ್ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ.

ಮೊದಲು & ಬಗ್ಗೆ ಒಂದು ತಪ್ಪು ನಂಬಿಕೆ ಬಿಡಬೇಕು. & ಹಾಕಿದರೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಟರ್ಮಿನಲ್‌ನಿಂದ ಬೇರೆಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ. ಅದು ಮುಂದಿನಿಂದ (ಫೋರ್‌ಗ್ರೌಂಡ್) ಹಿಂದಕ್ಕೆ (ಬ್ಯಾಕ್‌ಗ್ರೌಂಡ್) ಹೋಗುತ್ತದೆ, ಹೊರಗೆ ಹೋಗುವುದಿಲ್ಲ.

ಕರ್ನಲ್ ಪ್ರತಿಯೊಂದು ಪ್ರೋಸೆಸ್ಸಿಗೂ ಅದರ ಸ್ವಂತ ನಂಬರಿನ ಜೊತೆ ಇನ್ನೆರಡು ನಂಬರ್ ಇಟ್ಟಿರುತ್ತದೆ. ಒಂದು, ಅದು ಯಾವ ಪ್ರೋಸೆಸ್ ಗ್ರೂಪಿನದ್ದು ಎಂದು. ಇನ್ನೊಂದು, ಯಾವ ಸೆಶನ್ನಿನದ್ದು ಎಂದು. ನೀವು ಲಾಗಿನ್ ಆದಾಗ ಹೊಸ ಸೆಶನ್ ಹುಟ್ಟುತ್ತದೆ, ನಿಮ್ಮ ಬ್ಯಾಶ್ ಅದರ ಲೀಡರ್. ಆ ಶೆಲ್‌ನಲ್ಲಿ ಕೊಡುವ ಒಂದೊಂದು ಕಮಾಂಡೂ ಒಂದೊಂದು ಗ್ರೂಪ್, ಆದರೆ ಎಲ್ಲ ಗ್ರೂಪುಗಳೂ ಅದೇ ಸೆಶನ್ನಿನ ಒಳಗೇ. ಆ ಇಡೀ ಸೆಶನ್ನಿಗೆ ಒಂದು ಟರ್ಮಿನಲ್ ಅಂಟಿಕೊಂಡಿರುತ್ತದೆ. ಇದನ್ನು ಕಂಟ್ರೋಲಿಂಗ್ ಟರ್ಮಿನಲ್ ಎನ್ನುತ್ತಾರೆ. ಒಂದು ಸೆಶನ್ನಿಗೆ ಹೆಚ್ಚೆಂದರೆ ಒಂದೇ ಕಂಟ್ರೋಲಿಂಗ್ ಟರ್ಮಿನಲ್. ಒಂದು ಟರ್ಮಿನಲ್ ಒಂದೇ ಸೆಶನ್ನಿಗೆ.

ಆ ಟರ್ಮಿನಲ್ ಸದ್ಯ ಯಾವ ಗ್ರೂಪು ಮುಂದಿದೆ ಎಂದು ನೆನಪಿಟ್ಟಿರುತ್ತದೆ. ಕಂಟ್ರೋಲ್-ಸಿ ಒತ್ತಿದರೆ ಕರ್ನಲ್ ಸಿಗ್ನಲ್ ಕಳಿಸುವುದು ಆ ಮುಂದಿರುವ ಗ್ರೂಪಿಗೆ ಮಾತ್ರ. ಅದಕ್ಕೇ & ಹಾಕಿದ ಸ್ಕ್ರಿಪ್ಟ್ ಕಂಟ್ರೋಲ್-ಸಿ ಒತ್ತಿದರೂ ಸಾಯುವುದಿಲ್ಲ. ಹಿಂದಿರುವ ಪ್ರೋಸೆಸ್ ಕೀಬೋರ್ಡಿನಿಂದ ಏನಾದರೂ ಓದಲು ಹೋದರೆ ಕರ್ನಲ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಹಿಂದೆ ಹೋಗುವುದರ ಅರ್ಥ ಇಷ್ಟೇ. ಸೆಶನ್ ಅದೇ, ಟರ್ಮಿನಲ್ ಅದೇ, ಬ್ಯಾಶ್‌ನ ಜಾಬ್ ಪಟ್ಟಿಯಲ್ಲಿ (ಅದು ಓಡಿಸುತ್ತಿರುವ ಕೆಲಸಗಳ ಪಟ್ಟಿ) ಹೆಸರೂ ಹಾಗೇ.

ನೀವೇ ನೋಡಬಹುದು. ಪಿಎಸ್ ಕಮಾಂಡಿಗೆ ಪಿಐಡಿ (ಸ್ವಂತ ನಂಬರ್), ಪಿಜಿಐಡಿ (ಗ್ರೂಪ್), ಎಸ್‌ಐಡಿ (ಸೆಶನ್), ಟಿಟಿವೈ (ಟರ್ಮಿನಲ್), ಸ್ಟ್ಯಾಟ್ (ಸ್ಥಿತಿ) ಈ ಐದು ಕಾಲಂ ಕೇಳಿ. ಸ್ಕ್ರಿಪ್ಟಿನ ಎಸ್‌ಐಡಿ ಮತ್ತು ನಿಮ್ಮ ಬ್ಯಾಶ್‌ನ ಪಿಐಡಿ ಒಂದೇ ಇದ್ದರೆ ಸ್ಕ್ರಿಪ್ಟ್ ಇನ್ನೂ ನಿಮ್ಮ ಲಾಗಿನ್‌ಗೆ ಕಟ್ಟಿಕೊಂಡೇ ಇದೆ. ಟಿಟಿವೈ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ಮಾತ್ರ ಅದಕ್ಕೆ ಕಂಟ್ರೋಲಿಂಗ್ ಟರ್ಮಿನಲ್ ಇಲ್ಲ.

ಈಗ ಎಕ್ಸಿಟ್ ಕೊಟ್ಟಾಗ ಯಾಕೆ ಬದುಕುತ್ತದೆ ನೋಡಿ. ಎಕ್ಸಿಟ್ ಕೊಟ್ಟರೆ ಬ್ಯಾಶ್ ತಾನಾಗಿ ಮುಗಿಯುತ್ತದೆ. ಲೀಡರ್ ಹೋದಾಗ ಕರ್ನಲ್ ಹ್ಯಾಂಗಪ್ ಸಿಗ್ನಲ್ ("ಲೈನ್ ಕಡಿಯಿತು" ಎಂಬ ಸುದ್ದಿ) ಕಳಿಸುವುದು ಮುಂದಿರುವ ಗ್ರೂಪಿಗೆ. ಆ ಹೊತ್ತಿಗೆ ಮುಂದಿರುವುದು ಬ್ಯಾಶ್ ತಾನೇ. ಹಿಂದೆ ಓಡುತ್ತಿರುವ ನಿಮ್ಮ ಸ್ಕ್ರಿಪ್ಟನ್ನು ಯಾರೂ ಮುಟ್ಟುವುದಿಲ್ಲ. ಹೊರಹೋಗುವಾಗ ಹಿಂದಿನ ಜಾಬುಗಳನ್ನೂ ಮುಗಿಸು ಎಂಬ ಸೆಟ್ಟಿಂಗ್ ಬ್ಯಾಶ್‌ನಲ್ಲಿ ಉಂಟು, ಹಪ್-ಆನ್-ಎಕ್ಸಿಟ್ ಎಂದು. ಆದರೆ ಅದು ಮೊದಲಿಗೆ ಆಫ್ ಆಗಿಯೇ ಬರುತ್ತದೆ. ಝಡ್-ಶೆಲ್ ಎಂಬ ಇನ್ನೊಂದು ಶೆಲ್ ಆದರೆ ಇದಕ್ಕೆ ಉಲ್ಟಾ. ಅದು ಎಕ್ಸಿಟ್ ಕೊಟ್ಟಾಗಲೂ ಓಡುತ್ತಿರುವ ಜಾಬುಗಳಿಗೆ ಹ್ಯಾಂಗಪ್ ಕಳಿಸುತ್ತದೆ. 2019ರಿಂದ ಮ್ಯಾಕ್‌ನಲ್ಲಿ ಝಡ್-ಶೆಲ್ಲೇ ಮಾಮೂಲಿ ಶೆಲ್. ಆದ್ದರಿಂದ "ನನಗೆ ಸರಿ ಬರುತ್ತದೆ, ನಿನಗೆ ಯಾಕೆ ಬರುವುದಿಲ್ಲ" ಎಂಬ ಜಗಳ ಆಫೀಸಿನಲ್ಲಿ ಆದರೆ ಮೊದಲು ಯಾರ ಶೆಲ್ ಯಾವುದು ಎಂದು ಕೇಳಿ.

ಕನೆಕ್ಷನ್ ಕಡಿದಾಗ ಕತೆ ಬೇರೆ. ಸರ್ವರಿನಲ್ಲಿ ನಿಮ್ಮ ಟರ್ಮಿನಲ್ ಎಂದರೆ ನಿಜವಾದ ಯಂತ್ರ ಅಲ್ಲ. ಎರಡು ತುದಿಯ ಒಂದು ಸುಳ್ಳು ಟರ್ಮಿನಲ್. ಒಂದು ತುದಿ ಎಸ್‌ಎಸ್‌ಎಚ್ ಸರ್ವರ್ ಪ್ರೋಸೆಸ್ಸಿನ ಕೈಯಲ್ಲಿ, ಇನ್ನೊಂದು ಬ್ಯಾಶ್‌ನ ಕೈಯಲ್ಲಿ. ಕನೆಕ್ಷನ್ ಸತ್ತಿತು ಎಂದು ಎಸ್‌ಎಸ್‌ಎಚ್ ಸರ್ವರಿಗೆ ಖಾತ್ರಿಯಾದರೆ ಅದು ತನ್ನ ತುದಿ ಮುಚ್ಚುತ್ತದೆ. ಕರ್ನಲ್ ಕೂಡಲೇ ಇನ್ನೊಂದು ತುದಿಯನ್ನು ಹ್ಯಾಂಗಪ್ ಮಾಡುತ್ತದೆ. ಆ ಹೊತ್ತಿಗೆ ಬೇರೆ ಯಾರೂ ಬದಲಿಸದ ಹಾಗೆ ಆ ಟರ್ಮಿನಲ್ಲಿಗೆ ಲಾಕ್ ಹಾಕಿ, ಅದನ್ನು ತೆರೆದಿಟ್ಟ ಪ್ರೋಸೆಸ್ಸುಗಳಿಗೆ ಇನ್ನು ಮುಂದೆ ಓದಿದರೆ ಖಾಲಿ, ಬರೆದರೆ ಎರರ್ ಬರುವ ಹಾಗೆ ಮಾಡುತ್ತದೆ. ಸೆಶನ್ನಿನ ಎಲ್ಲ ಪ್ರೋಸೆಸ್ಸುಗಳಿಂದ ಆ ಟರ್ಮಿನಲ್ಲನ್ನು ಬಿಡಿಸುತ್ತದೆ. ಲೀಡರ್ ಆಗಿರುವ ಬ್ಯಾಶ್‌ಗೆ ಹ್ಯಾಂಗಪ್ ಸಿಗ್ನಲ್ ಕಳಿಸುತ್ತದೆ.

ಇಲ್ಲಿವರೆಗೆ ನಿಮ್ಮ ಸ್ಕ್ರಿಪ್ಟಿಗೆ ಯಾರೂ ಏನೂ ಮಾಡಲಿಲ್ಲ. ಆದರೆ ಹ್ಯಾಂಗಪ್ ಸಿಕ್ಕಿದ ಬ್ಯಾಶ್ ಸಾಯುವ ಮೊದಲು ಅದೇ ಸಿಗ್ನಲನ್ನು ತನ್ನ ಪಟ್ಟಿಯಲ್ಲಿರುವ ಎಲ್ಲ ಜಾಬುಗಳಿಗೂ ಹಂಚುತ್ತದೆ. ಓಡುತ್ತಿರುವುದಕ್ಕೂ, ನಿಂತಿರುವುದಕ್ಕೂ. ಹಪ್-ಆನ್-ಎಕ್ಸಿಟ್ ಆಫ್ ಇದ್ದರೂ ಹಂಚುತ್ತದೆ. ನೀವು ಹೇಳುವ ಎರಡು ಬಗೆಯ ದಿನಗಳಿಗೆ ವ್ಯತ್ಯಾಸ ಇದು.

ಪೈಥಾನ್ ಆ ಸಿಗ್ನಲನ್ನು ಹಿಡಿಯದಿದ್ದರೆ ಪ್ರೋಸೆಸ್ ನಿಂತ ಹೆಜ್ಜೆಯಲ್ಲೇ ಸಾಯುತ್ತದೆ. ಎರರ್ ಇಲ್ಲ, ಕೊನೆಯ ಸಾಲು ಇಲ್ಲ. ಇಲ್ಲೊಂದು ಅಪಾಯ ಉಂಟು, ನೀವು ಕೇಳದಿದ್ದರೂ ಹೇಳಬೇಕು. ಔಟ್‌ಪುಟ್ ಫೈಲಿಗೆ ಹೋಗುವಾಗ ಪೈಥಾನ್ ಒಂದೊಂದೇ ಸಾಲು ಬರೆಯುವುದಿಲ್ಲ. ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟು, ಸಾಮಾನ್ಯವಾಗಿ 8 ಕೆಬಿ ತುಂಬಿದ ಮೇಲೆ ಒಟ್ಟಿಗೆ ಬರೆಯುತ್ತದೆ. ಹೀಗೆ ಸತ್ತಾಗ ಆ ಬಫರಿನಲ್ಲಿದ್ದದ್ದು ಹೋಯಿತು. ಅಂದರೆ ಲಾಗ್ ತೋರಿಸುವುದಕ್ಕಿಂತ ಕೆಲಸ ಮುಂದೆ ಹೋಗಿರಬಹುದು. ಲಾಗಿನ ಕೊನೆಯ ಬಿಲ್ ನಂಬರ್ ನೋಡಿ ಅಲ್ಲಿಂದ ಮತ್ತೆ ಶುರು ಮಾಡಿದರೆ ಕೆಲವು ಬಿಲ್ಲುಗಳು ಎರಡು ಸಲ ಸೇರಬಹುದು. ಹೊಸ ಡೇಟಾಬೇಸಿನಲ್ಲಿ ನಿಜವಾಗಿ ಕಮಿಟ್ ಆದದ್ದು (ಖಾಯಂ ಸೇರಿದ್ದು) ಎಲ್ಲಿವರೆಗೆ ಎಂದು ಅಲ್ಲೇ ಕೇಳಿ. ಈಗಾಗಲೇ ಹಾಗೆ ಮತ್ತೆ ಶುರು ಮಾಡಿದ್ದರೆ ಡೂಪ್ಲಿಕೇಟ್ ಉಂಟಾ ಎಂದು ಈ ವಾರವೇ ನೋಡಿ. ಪೈಥಾನನ್ನು ಮೈನಸ್-ಯು ಹಾಕಿ ಓಡಿಸಿದರೆ ಬಫರಿನ ಈ ತೊಂದರೆ ಇರುವುದಿಲ್ಲ.

ಇನ್ನು ಎರಡು ಗಂಟೆ, ಕಾಲು ಗಂಟೆಯ ಗುಟ್ಟು. ನನಗೆ ಈ ಪ್ರಶ್ನೆಯಲ್ಲಿ ಜಾಸ್ತಿ ಇಷ್ಟವಾದ ಭಾಗ ಇದು.

ಬ್ರಹ್ಮಾವರದಲ್ಲಿ ಕರೆಂಟ್ ಹೋದರೆ ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕಿರುತ್ತದೆ, ರೌಟರ್ ಸಾಯುತ್ತದೆ. ರೌಟರ್ ಹೀಗೆ ಸಾಯುವಾಗ ಮುಂಬೈಗೆ "ನಾನು ಹೋಗುತ್ತೇನೆ" ಎಂದು ಹೇಳಿ ಹೋಗುವುದಿಲ್ಲ. ಸರ್ವರ್ ದೃಷ್ಟಿಯಲ್ಲಿ ನೀವು ಸುಮ್ಮನೆ ಕೂತಿದ್ದೀರಿ, ಅಷ್ಟೇ. ಕರೆಂಟ್ ಬಂದು ನೀವು ಹೊಸದಾಗಿ ಲಾಗಿನ್ ಆದರೆ ಹಳೆಯ ಲಾಗಿನ್ ಸರ್ವರಿನಲ್ಲಿ ಹಾಗೇ ಇರುತ್ತದೆ. ಹೆಸರು ಎರಡು ಸಲ ಕಾಣುವುದು ಅದಕ್ಕೆ. ಸುಮ್ಮನಿರುವ ಕನೆಕ್ಷನ್ ಬದುಕಿದೆಯಾ ಎಂದು ಲಿನಕ್ಸ್ ಮೊದಲ ಸಲ ತಟ್ಟಿ ನೋಡುವುದು 7200 ಸೆಕೆಂಡ್ ಕಳೆದ ಮೇಲೆ. ಉತ್ತರ ಬಾರದಿದ್ದರೆ 75 ಸೆಕೆಂಡಿಗೊಮ್ಮೆ, ಒಟ್ಟು 9 ಸಲ. ಕೂಡಿಸಿದರೆ 7875 ಸೆಕೆಂಡ್, ಅಂದರೆ 2 ಗಂಟೆ 11 ನಿಮಿಷ ಚಿಲ್ಲರೆ. ಆಮೇಲೆ ಕನೆಕ್ಷನ್ ಸತ್ತಿದೆ ಎಂದು ಘೋಷಣೆ, ಹ್ಯಾಂಗಪ್, ಬ್ಯಾಶ್, ನಿಮ್ಮ ಸ್ಕ್ರಿಪ್ಟ್.

ಕಾಲು ಗಂಟೆಯಲ್ಲಿ ಸತ್ತ ದಿನ ನೀವು ಅದೇ ವಿಂಡೋದಲ್ಲಿ ಟೇಲ್ ಕಮಾಂಡ್ ಹಾಕಿ ಲಾಗ್ ನೋಡುತ್ತಾ ಇದ್ದಿರಬೇಕು, ಅಲ್ವಾ? ಆಗ ಸರ್ವರ್ ಸುಮ್ಮನಿರುವುದಿಲ್ಲ, ನಿಮಗೆ ಅಕ್ಷರ ಕಳಿಸುತ್ತಲೇ ಇರುತ್ತದೆ. ಕಳಿಸಿದ್ದು ಮುಟ್ಟಿತು ಎಂಬ ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. ಮಾಮೂಲಿ ಸೆಟ್ಟಿಂಗಿನಲ್ಲಿ ಕಡಿಮೆಯೆಂದರೂ 924 ಸೆಕೆಂಡ್, ಅಂದರೆ ಹದಿನೈದೂವರೆ ನಿಮಿಷದಷ್ಟು ಪ್ರಯತ್ನಿಸಿ ಕೈಬಿಡುತ್ತದೆ. ಇದು ಆ ಕಾಲು ಗಂಟೆ.

ಇದನ್ನು ಕೇಳಿದ ಮೇಲೆ ಎಸ್‌ಎಸ್‌ಎಚ್ ಸರ್ವರಿನಲ್ಲಿ ಕ್ಲೈಂಟ್-ಅಲೈವ್ ಇಂಟರ್ವಲ್ (ಸರ್ವರ್ ನಿಮ್ಮನ್ನು ಎಷ್ಟು ಹೊತ್ತಿಗೊಮ್ಮೆ "ಇದ್ದೀರಾ" ಎಂದು ಕೇಳಬೇಕು ಎಂಬ ಸೆಟ್ಟಿಂಗ್) ಹಾಕೋಣ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಸಣ್ಣಪುಟ್ಟ ನೆಟ್ ತೊಂದರೆಗೆ ಅದು ಒಳ್ಳೆಯದು, ಎರಡು ಸಲ ಕಾಣುವ ಹೆಸರೂ ಬೇಗ ಹೋಗುತ್ತದೆ. ಆದರೆ 60 ಸೆಕೆಂಡ್ ಎಂದು ಹಾಕಿದರೆ, ಮೂರು ಸಲ ಉತ್ತರ ಬಾರದಿದ್ದಾಗ ಕಡಿಯುವುದು ಅದರ ಮಾಮೂಲು. ಎರಡು ಗಂಟೆಯಲ್ಲಿ ಸಾಯುತ್ತಿದ್ದ ಸ್ಕ್ರಿಪ್ಟ್ ಮೂರು ನಿಮಿಷದಲ್ಲಿ ಸಾಯುತ್ತದೆ. ನಿಮ್ಮ ಕಾಯಿಲೆಗೆ ಇದು ಮದ್ದಲ್ಲ.

ಇನ್ನು ಕರ್ನಲ್ ಬಗ್. ನಿಮ್ಮ ಆಫೀಸಿನವರು ಗಾಳಿಯಲ್ಲಿ ಹೇಳಿದ್ದಲ್ಲ. ಲಿನಕ್ಸ್‌ನ ಟರ್ಮಿನಲ್ ಭಾಗ ಬಹಳ ಹಳೆಯದು, ಅದರ ಲಾಕಿಂಗ್, ಅಂದರೆ ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯುವ ವ್ಯವಸ್ಥೆ, ಬಹಳ ಕಾಲದ ತಲೆನೋವು. ಇಡೀ ಕರ್ನಲ್ಲಿಗೆ ಒಂದೇ ದೊಡ್ಡ ಲಾಕ್ ಇದ್ದ ಪದ್ಧತಿ ಪೂರ್ತಿಯಾಗಿ ಹೋದದ್ದು 2011ರ 2.6.39 ಆವೃತ್ತಿಯಲ್ಲಿ. ಕೊನೆಯವರೆಗೂ ಅದನ್ನು ಬಿಡಲು ಒದ್ದಾಡಿದ ಭಾಗಗಳಲ್ಲಿ ಟರ್ಮಿನಲ್ ಒಂದು. ಅವರು ಹೇಳುತ್ತಿರುವ ಬಗ್ ಬಹುಶಃ 2020ರ ಡಿಸೆಂಬರಿನದ್ದು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2020-29661. ಗೂಗಲ್‌ನ ಭದ್ರತಾ ತಂಡ ಪ್ರಾಜೆಕ್ಟ್ ಝೀರೋದ ಯಾನ್ ಹಾರ್ನ್ ಅದನ್ನು ಕಂಡುಹಿಡಿದರು. ಟರ್ಮಿನಲ್ಲಿನ ಮುಂದಿರುವ ಗ್ರೂಪ್ ಯಾವುದು ಎಂದು ಬದಲಿಸುವ ಕೋಡಿನಲ್ಲಿ ತಪ್ಪಿತ್ತು. ಸುಳ್ಳು ಟರ್ಮಿನಲ್ಲಿಗೆ ಎರಡು ತುದಿ ಎಂದೆನಲ್ಲ, ಎರಡಕ್ಕೂ ಬೇರೆ ಬೇರೆ ಲಾಕ್. ಎಸ್‌ಎಸ್‌ಎಚ್ ಕಡೆಯ ತುದಿಯಿಂದ ಕೇಳಿದರೆ ಕರ್ನಲ್ ಆ ತುದಿಯ ಲಾಕ್ ಹಿಡಿದು, ಬದಲಾವಣೆ ಮಾತ್ರ ಬ್ಯಾಶ್ ಕಡೆಯ ತುದಿಯಲ್ಲಿ ಮಾಡುತ್ತಿತ್ತು. ಪಕ್ಕದ ಮನೆಗೆ ಬೀಗ ಹಾಕಿ ನಮ್ಮ ಮನೆ ಭದ್ರ ಎಂದುಕೊಂಡ ಹಾಗೆ. ಎರಡೂ ತುದಿಯಿಂದ ಒಂದೇ ಕ್ಷಣಕ್ಕೆ ಬದಲಿಸಲು ಹೋದರೆ ಲೆಕ್ಕ ತಪ್ಪಿ, ಬಿಟ್ಟುಕೊಟ್ಟ ಮೆಮರಿಯನ್ನೇ ಕರ್ನಲ್ ಮತ್ತೆ ಬಳಸುತ್ತಿತ್ತು. ಸರ್ವರಿನಲ್ಲಿ ಸಾಮಾನ್ಯ ಲಾಗಿನ್ ಇರುವವನು ಇದನ್ನು ಹಿಡಿದು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಬಹುದು ಎಂದು ಹಾರ್ನ್ 2021ರಲ್ಲಿ ವಿವರವಾಗಿ ಬರೆದು ತೋರಿಸಿದರು.

ಅಪಾಯ ನಿಜ. ಆದರೆ ನಿಮ್ಮ ಲಕ್ಷಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದು ನಡೆಯಬೇಕಾದರೆ ಯಾರಾದರೂ ಬೇಕೆಂದೇ ಎರಡೂ ತುದಿಯನ್ನು ಒಟ್ಟಿಗೆ ಗುದ್ದುತ್ತಾ ಇರಬೇಕು. ನಡೆದರೆ ಕರ್ನಲ್ ಕೆಟ್ಟು ಕೂಗುತ್ತದೆ ಅಥವಾ ಸರ್ವರ್ ಬೇರೆಯವರ ಕೈಗೆ ಹೋಗುತ್ತದೆ. ಲೆಕ್ಕ ಹಾಕಿದ ಹಾಗೆ 2 ಗಂಟೆ 11 ನಿಮಿಷಕ್ಕೆ ಒಂದೇ ಒಂದು ಸ್ಕ್ರಿಪ್ಟ್ ಸದ್ದಿಲ್ಲದೆ ಸಾಯುವುದಿಲ್ಲ. ಇದು 5.9.13ರವರೆಗಿನ ಕರ್ನಲ್ಲುಗಳಲ್ಲಿತ್ತು. ಉಬುಂಟುವಿನಂಥವರು ಹಳೆ ನಂಬರ್ ಉಳಿಸಿಕೊಂಡೇ ರಿಪೇರಿ ಸೇರಿಸುತ್ತಾರೆ, ಹಾಗಾಗಿ ಬರೀ ನಂಬರ್ ನೋಡಿ ಗಾಬರಿಯಾಗಬೇಡಿ. ಸರ್ವರಿಗೆ ಅಪ್‌ಡೇಟ್ ಹಾಕಿ ಎಷ್ಟು ಕಾಲವಾಯಿತು ಎಂದು ಮಾತ್ರ ವಿಚಾರಿಸಿ.

ಟರ್ಮಿನಲ್ ಅಲುಗದೆ ನಿಲ್ಲುವುದು ಇನ್ನೂ ಬೇರೆಯೇ ವಿಷಯ. ಅದಕ್ಕೆ ಎರಡು ಕಾರಣ. ನೆಟ್ ಹೋಗಿದ್ದರೆ ನೀವು ಒತ್ತಿದ ಕೀ ಸರ್ವರಿಗೆ ಮುಟ್ಟುವುದೇ ಇಲ್ಲ. ಎಂಟರ್ ಒತ್ತಿ, ಆಮೇಲೆ ~ ಒತ್ತಿ, ಆಮೇಲೆ ಚುಕ್ಕಿ ಒತ್ತಿ. ನಿಮ್ಮ ಕಡೆಯ ಎಸ್‌ಎಸ್‌ಎಚ್ ಅಲ್ಲೇ ಮುಗಿಯುತ್ತದೆ, ವಿಂಡೋ ಮುಚ್ಚಬೇಕಿಲ್ಲ. ನೆಟ್ ಇದ್ದೂ ನಿಂತರೆ ನೀವು ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿರುತ್ತೀರಿ. ಟರ್ಮಿನಲ್ಲಿಗೆ ಅದು "ಔಟ್‌ಪುಟ್ ತಡೆ" ಎಂಬ ಆಜ್ಞೆ. ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುತ್ತದೆ. ಪರದೆ ಮಾತ್ರ ನಿಂತಿದೆ ಎಂದು ನೆಮ್ಮದಿಯಾಗಿ ಮಲಗಬೇಡಿ. ಆ ಟರ್ಮಿನಲ್ಲಿಗೆ ನೇರವಾಗಿ ಬರೆಯುವ ಪ್ರೋಗ್ರಾಂ ಬಫರ್ ತುಂಬಿದ ಮೇಲೆ ಬರೆಯುವ ಜಾಗದಲ್ಲೇ ಕಾಯುತ್ತಾ ಕೂರುತ್ತದೆ. ನಿಮ್ಮ ಔಟ್‌ಪುಟ್ ಫೈಲಿಗೆ ಹೋಗುವುದರಿಂದ ನಿಮಗೆ ಆ ಭಯ ಇಲ್ಲ. ಎಸ್‌ಟಿಟಿವೈ ಕಮಾಂಡಿನಲ್ಲಿ ಮೈನಸ್ ಐಎಕ್ಸ್‌ಆನ್ ಎಂದು ಕೊಟ್ಟರೆ ಈ ಕೀಗಳ ಕಾಟವೇ ಇಲ್ಲ.

ದಾರಿ ಯಾವುದು? ನೋಹಪ್‌ನಿಂದಲೇ ಶುರು ಮಾಡೋಣ. ಎರಡನೆಯವರು ಹೇಳಿದ್ದು ಮುಕ್ಕಾಲು ಸರಿ. ಅದು ಹೊಸ ಸೆಶನ್ ಮಾಡುವುದಿಲ್ಲ. ಹ್ಯಾಂಗಪ್ ಸಿಗ್ನಲ್ ಬಂದರೆ ಕಿವಿಗೆ ಹಾಕಿಕೊಳ್ಳಬೇಡ ಎಂದು ಹೇಳಿ ಪ್ರೋಗ್ರಾಮನ್ನು ಓಡಿಸುತ್ತದೆ. ಆ ಪ್ರೋಗ್ರಾಂ ತಾನೇ ಹ್ಯಾಂಗಪ್‌ಗೆ ಬೇರೆ ವ್ಯವಸ್ಥೆ ಮಾಡಿಕೊಂಡರೆ ನೋಹಪ್ ಮಾತು ನಡೆಯುವುದಿಲ್ಲ. ಮಧ್ಯದಲ್ಲಿ ಪಾಸ್‌ವರ್ಡ್ ಕೇಳುವ ಸ್ಕ್ರಿಪ್ಟ್ ಆದರೂ ಕೆಟ್ಟಿತು. ನಿಮ್ಮ ಸ್ಕ್ರಿಪ್ಟಿಗೆ ಇವತ್ತು ರಾತ್ರಿಯ ಮಟ್ಟಿಗೆ ಸಾಕು.

ಮರೆತು ಬರೀ & ಹಾಕಿ ಓಡಿಸಿ ಆಗಿದ್ದರೆ ಡಿಸ್‌ಓನ್ ಕೊಡಿ. ಬ್ಯಾಶ್ ತನ್ನ ಪಟ್ಟಿಯಿಂದ ಆ ಜಾಬನ್ನು ತೆಗೆಯುತ್ತದೆ, ಹಂಚುವಾಗ ಅದಕ್ಕೆ ಸಿಗ್ನಲ್ ಹೋಗುವುದಿಲ್ಲ. ಔಟ್‌ಪುಟ್ ಟರ್ಮಿನಲ್ಲಿಗೇ ಹೋಗುತ್ತಿದ್ದರೆ ಮಾತ್ರ ಡಿಸ್‌ಓನ್ ಕಾಪಾಡುವುದಿಲ್ಲ. ಹ್ಯಾಂಗಪ್ ಆದ ಟರ್ಮಿನಲ್ಲಿಗೆ ಬರೆಯಲು ಹೋದಾಗ ಇನ್‌ಪುಟ್-ಔಟ್‌ಪುಟ್ ಎರರ್ ನಂಬರ್ 5 ಬಂದು ಪೈಥಾನ್ ಬೀಳುತ್ತದೆ. ಸೆಟ್‌ಎಸ್‌ಐಡಿ ಎಂಬ ಕಮಾಂಡ್ ನಿಜವಾಗಿಯೂ ಹೊಸ ಸೆಶನ್ ಮಾಡುತ್ತದೆ. ಆದರೆ ಆಮೇಲೆ ಅದು ಬ್ಯಾಶ್‌ನ ಜಾಬ್ ಪಟ್ಟಿಯಲ್ಲಿ ಕಾಣುವುದಿಲ್ಲ, ಹುಡುಕಿ ನಿಲ್ಲಿಸುವ ಕೆಲಸ ನಿಮ್ಮದೇ.

ದಿನನಿತ್ಯದ ಕೆಲಸಕ್ಕೆ ನಾನು ಎಲ್ಲರಿಗೂ ಹೇಳುವುದು ಟಿಮಕ್ಸ್. ಹಳಬರಿಗೆ ಸ್ಕ್ರೀನ್ ಎಂಬ ಪ್ರೋಗ್ರಾಂ ಗೊತ್ತಿದ್ದರೆ ಅದೂ ಆಗುತ್ತದೆ. ಟಿಮಕ್ಸ್ ಸರ್ವರಿನಲ್ಲೇ ಬೇರೆ ಸೆಶನ್ ಮಾಡಿಕೊಂಡು, ತನ್ನದೇ ಸುಳ್ಳು ಟರ್ಮಿನಲ್ ಇಟ್ಟುಕೊಂಡು ಕೂರುತ್ತದೆ. ನಿಮ್ಮ ಎಸ್‌ಎಸ್‌ಎಚ್ ಸತ್ತರೆ ಸಾಯುವುದು ನೀವು ನೋಡುತ್ತಿದ್ದ ಕಿಟಕಿ ಮಾತ್ರ. ಕರೆಂಟ್ ಬಂದ ಮೇಲೆ ಅಟ್ಯಾಚ್ ಕೊಟ್ಟರೆ ಬಿಟ್ಟ ಜಾಗ ಸಿಗುತ್ತದೆ. ಇದರಲ್ಲೂ ಎರಡು ಎಚ್ಚರ. ಒಂದು, ರೂಟ್ ಆಗಿ ಟಿಮಕ್ಸ್ ತೆರೆದು ತಿಂಗಳುಗಟ್ಟಲೆ ಮರೆತುಬಿಡುವುದು ಅಪಾಯ. ಇನ್ನೊಂದು, ಲಾಗಿನ್ ಮುಗಿದ ಕೂಡಲೇ ಆ ಬಳಕೆದಾರರ ಎಲ್ಲ ಪ್ರೋಸೆಸ್ಸುಗಳನ್ನು ಗುಡಿಸಿಹಾಕುವ ಸೆಟ್ಟಿಂಗ್ ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನ ಸರ್ವಿಸ್, ಲಾಗಿನ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಉಂಟು, ಕಿಲ್-ಯೂಸರ್-ಪ್ರೋಸೆಸಸ್ ಎಂದು. 2016ರಲ್ಲಿ ಸಿಸ್ಟಮ್‌ಡಿಯವರು ಅದನ್ನು ಮೊದಲಿಗೇ ಆನ್ ಮಾಡಿ ದೊಡ್ಡ ಗಲಾಟೆಯಾಗಿತ್ತು. ಉಬುಂಟುವಿನಲ್ಲಿ ಆಫ್ ಇರುತ್ತದೆ. ಯಾರಾದರೂ ಆನ್ ಮಾಡಿದ್ದರೆ ನೋಹಪ್, ಸೆಟ್‌ಎಸ್‌ಐಡಿ, ಟಿಮಕ್ಸ್ ಯಾವುದೂ ಉಳಿಯುವುದಿಲ್ಲ. ಅದು ಸೆಶನ್ ನಂಬರ್ ನೋಡುವುದಿಲ್ಲ, ಸಿಗ್ರೂಪ್ (ಒಂದು ಲಾಗಿನ್ನಿನ ಪ್ರೋಸೆಸ್ಸುಗಳನ್ನೆಲ್ಲ ಒಟ್ಟಿಗೆ ಇಡುವ ಬೇರೆಯೇ ಗುಂಪು) ನೋಡುತ್ತದೆ. ಅಲ್ಲಿಂದ ಸೆಟ್‌ಎಸ್‌ಐಡಿ ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆದರೆ ಪ್ರತಿ ರಾತ್ರಿ ಓಡುವ ಕೆಲಸಕ್ಕೆ ಲಾಗಿನ್ ಯಾಕೆ ಬೇಕು ಹೇಳಿ? ಅದನ್ನು ಸಿಸ್ಟಮ್‌ಡಿ ಸರ್ವಿಸ್ ಮಾಡಿ, ಟೈಮರ್ ಇಡಿ. ಸತ್ತರೆ ಯಾವ ಸಿಗ್ನಲಿಗೆ ಸತ್ತಿತು ಎಂದು ಅದು ಬರೆದಿಡುತ್ತದೆ. ಮೊದಲ ರಾತ್ರಿ ತೊಂದರೆ ಬರುವುದು ಸಾಮಾನ್ಯವಾಗಿ ಪರಿಸರದಿಂದ. ನಿಮ್ಮ ಲಾಗಿನ್‌ನಲ್ಲಿರುವ ಪಾತ್, ಪಾಸ್‌ವರ್ಡ್ ವೇರಿಯಬಲ್ಲುಗಳು ಅಲ್ಲಿ ಇರುವುದಿಲ್ಲ. ಹಗಲಿನಲ್ಲಿ ಸಣ್ಣ ಡೇಟಾ ಇಟ್ಟು ಒಂದು ಸಲ ಓಡಿಸಿ ನೋಡಿ.

ನಾನು ಹೇಳಿದ್ದು ಸರಿಯಾ ಎಂದು ನೋಡಲು ಮಳೆಗೆ ಕಾಯಬೇಕಿಲ್ಲ. ಸರ್ವರಿಗೆ ಲಾಗಿನ್ ಆಗಿ 600 ಸೆಕೆಂಡಿನ ಸ್ಲೀಪ್ ಕಮಾಂಡ್ ಎರಡು ಸಲ ಕೊಡಿ, ಒಂದು ಬರೀ & ಹಾಕಿ, ಇನ್ನೊಂದು ನೋಹಪ್ ಮತ್ತು & ಹಾಕಿ. ಆಮೇಲೆ ಎಕ್ಸಿಟ್ ಕೊಡದೆ ಟರ್ಮಿನಲ್ ವಿಂಡೋವನ್ನೇ ಮುಚ್ಚಿ. ಆಗ ಕನೆಕ್ಷನ್ ಸರಿಯಾಗಿ ಹೇಳಿಯೇ ಮುಗಿಯುತ್ತದೆ, ಸರ್ವರಿಗೆ ಕೂಡಲೇ ಗೊತ್ತಾಗುತ್ತದೆ. ಮತ್ತೆ ಲಾಗಿನ್ ಆಗಿ ನೋಡಿದರೆ ಎರಡನೆಯದು ಮಾತ್ರ ಉಳಿದಿರಬೇಕು. ಹಾಗೇ ಆದರೆ ಟಿಮಕ್ಸ್‌ಗೆ ಹೋಗಿ. ಎರಡೂ ಹೋಗಿದ್ದರೆ ಕಿಲ್-ಯೂಸರ್-ಪ್ರೋಸೆಸಸ್ ಆನ್ ಆಗಿದೆಯಾ ಎಂದು ಅಡ್ಮಿನ್ ಹತ್ತಿರ ಕೇಳಿ. ಟಿಮಕ್ಸ್ ಒಳಗೂ ಸ್ಕ್ರಿಪ್ಟ್ ಸತ್ತು, ಎಕ್ಸಿಟ್ ಕೋಡ್ (ಮುಗಿದಾಗ ಬಿಟ್ಟುಹೋಗುವ ನಂಬರ್) ಹ್ಯಾಂಗಪ್‌ನ 129ರ ಬದಲು 137 ಬಂದರೆ ಅದು ಹ್ಯಾಂಗಪ್ ಅಲ್ಲ. ಯಾರೋ ಬಲವಂತವಾಗಿ ಕೊಂದಿದ್ದಾರೆ, ಹೆಚ್ಚಿನ ಸಲ ಮೆಮರಿ ಸಾಲದೆ ಕರ್ನಲ್ಲೇ. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಕಮಾಂಡಿನಲ್ಲಿ ಆ ಹೊತ್ತಿನ ಸಾಲುಗಳು ಇರುತ್ತವೆ, ಅದನ್ನು ಇಟ್ಟುಕೊಂಡು ಇನ್ನೊಮ್ಮೆ ಬರೆಯಿರಿ.